ಎಷ್ಟು ಡಿಗ್ರಿ? ಅಥ್ಲೆಟಿಕ್ ಟ್ರೈನಿಂಗ್ ಪಾಠದ ಒಂದು ಪ್ರಕರಣ ಅಧ್ಯಯನ

ಹಿಂದೆ ನನ್ನಲ್ಲಿ ಬಿ.ಪಿ.ಎಡ್. ಓದಿ, ಈಗ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಬೋಧಕಿಯಾಗಿರುವ ಶಿಷ್ಯೆಯೊಬ್ಬಳು ಕಳೆದ ಬೇಸಿಗೆಯಲ್ಲಿ ಫೋನ್ ಮಾಡಿದಳು. "ಸರ್, ಪಿಎಚ್.ಡಿ.ಗೆ ಅರ್ಜಿ ಹಾಕಬೇಕೆಂದಿದ್ದೇನೆ. ಸಿನಾಪ್ಸಿಸ್ ಕಳುಹಿಸಿದರೆ ಒಮ್ಮೆ ನೋಡುತ್ತೀರಾ?" ಎಂದಳು. ಬಂದ ಸಿನಾಪ್ಸಿಸ್‌ನ, ಅಂದರೆ ಸಂಶೋಧನೆಯ ರೂಪುರೇಷೆಯ, ಶೀರ್ಷಿಕೆ ಹೀಗಿತ್ತು: 'ಅಂತರ ಕಾಲೇಜು ಮಟ್ಟದ ಕಬಡ್ಡಿ ಮತ್ತು ಖೋ-ಖೋ ಆಟಗಾರರ ಆಯ್ದ ದೈಹಿಕ ಕ್ಷಮತೆಯ ಅಂಶಗಳ ತುಲನಾತ್ಮಕ ಅಧ್ಯಯನ'. ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಈ ಶೀರ್ಷಿಕೆಯ ಅಣ್ಣತಮ್ಮಂದಿರು ಕಪಾಟುಗಟ್ಟಲೆ ಇದ್ದಾರೆ. ಅವರಲ್ಲೊಬ್ಬನಿಗೆ ನಾನೇ ಅಪ್ಪ.

"ಇದನ್ನು ಮುಗಿಸಿದರೆ ನಿನ್ನ ಪಾಠದಲ್ಲಿ ಏನು ಬದಲಾಗುತ್ತದಮ್ಮ?" ಎಂದು ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಡ್ತಿ ಸಿಗುತ್ತದೆ ಸರ್" ಎಂದಳು.

ಸುಳ್ಳು ಹೇಳಲಿಲ್ಲವಲ್ಲ ಎಂದು ಮೆಚ್ಚಿಕೊಂಡೆ. ಆ ವಾರ ಕುಳಿತು ಅವಳಿಗಾಗಿ ಒಂದು ಪ್ರಕರಣವನ್ನು ಟಿಪ್ಪಣಿ ಮಾಡಿದೆ. ಅದನ್ನೇ ಇಲ್ಲಿ ಹಿಗ್ಗಿಸಿ ಬರೆಯುತ್ತಿದ್ದೇನೆ. ಪ್ರಕರಣ ಅಮೆರಿಕದ್ದು. ಅಲ್ಲಿ 'ಅಥ್ಲೆಟಿಕ್ ಟ್ರೈನರ್' ಎಂದರೆ ಜಿಮ್ಮಿನಲ್ಲಿ ಡಂಬೆಲ್ ಎತ್ತಿಸುವವರಲ್ಲ. ವೈದ್ಯರ ನಿರ್ದೇಶನದಲ್ಲಿ ಕೆಲಸ ಮಾಡುತ್ತ, ಆಟಗಾರರಿಗೆ ಪೆಟ್ಟಾಗದಂತೆ ನೋಡಿಕೊಳ್ಳುವ, ಆದಾಗ ಮೈದಾನದಲ್ಲೇ ತುರ್ತು ಚಿಕಿತ್ಸೆ ಕೊಡುವ, ಆಮೇಲೆ ಮತ್ತೆ ಆಟಕ್ಕೆ ಅಣಿಗೊಳಿಸುವ ಪರವಾನಗಿಯುಳ್ಳ ಆರೋಗ್ಯ ವೃತ್ತಿ ಅದು. ನಮ್ಮಲ್ಲಿ ಈ ಕೆಲಸವನ್ನು ಫಿಸಿಯೋಥೆರಪಿಸ್ಟ್, ಕೋಚ್ ಮತ್ತು ಪಿ.ಟಿ. ಮೇಷ್ಟ್ರು ಹಂಚಿಕೊಂಡಿದ್ದಾರೆ. ಹಂಚಿಕೊಂಡಿದ್ದಾರೆ ಎನ್ನುವುದಕ್ಕಿಂತ, ಯಾರ ಪಾಲಿಗೂ ಪೂರ್ತಿ ಬಂದಿಲ್ಲ ಎಂದರೆ ಸರಿಯಾದೀತು.

1985ರ ಆಗಸ್ಟ್ 8. ನ್ಯೂಯಾರ್ಕ್ ರಾಜ್ಯದ ಬಫಲೊ ನಗರದಲ್ಲಿ ಎಂಪೈರ್ ಸ್ಟೇಟ್ ಗೇಮ್ಸ್ ಕ್ರೀಡಾಕೂಟ. 10,000 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಡಗ್ಲಸ್ ಕಾಸಾ ಎಂಬ 16 ವರ್ಷದ ಹುಡುಗ ಕುಸಿದು ಬಿದ್ದ. ಅಲ್ಲಿದ್ದ ಅಥ್ಲೆಟಿಕ್ ಟ್ರೈನರ್ ಕೆಂಟ್ ಸ್ಕ್ರೈಬರ್ ಅವನಿಗೆ ಆದದ್ದು ಬರೀ ಸುಸ್ತಲ್ಲ, ಉಷ್ಣಾಘಾತ ಎಂದು ಗುರುತಿಸಿ ಕೂಡಲೇ ಮೈ ತಣಿಸಲು ತೊಡಗಿದರು. ಹುಡುಗ ಕೆಲವು ಗಂಟೆ ಪ್ರಜ್ಞೆಯಿಲ್ಲದೆ ಇದ್ದು ಬದುಕಿಕೊಂಡ. ಬದುಕಿದ್ದು ಹೇಗೆ ಎಂಬುದೇ ಅವನನ್ನು ಹಿಡಿದುಕೊಂಡಿತು. ಅಲೆಗೆನಿ ಕಾಲೇಜಿನಲ್ಲಿ ಜೀವಶಾಸ್ತ್ರದ ಪದವಿ, 1993ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದಿಂದ ಅಥ್ಲೆಟಿಕ್ ಟ್ರೈನಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, 1997ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಿಂದ ವ್ಯಾಯಾಮ ಶರೀರಕ್ರಿಯಾ ಶಾಸ್ತ್ರದಲ್ಲಿ ಪಿಎಚ್.ಡಿ. 1999ರಿಂದ ಅದೇ ಕನೆಕ್ಟಿಕಟ್‌ನಲ್ಲಿ ಬೋಧಕ.

ಕಾಸಾ ಅವರ ಜೀವನಚರಿತ್ರೆ ಬರೆಯುವುದು ನನ್ನ ಉದ್ದೇಶವಲ್ಲ. ನನಗೆ ಬೇಕಾದದ್ದು ಒಂದೇ: ಮೈದಾನದಲ್ಲಿ ಹುಟ್ಟಿದ ಒಂದು ಪ್ರಶ್ನೆ ಪಿಎಚ್.ಡಿ.ಯ ಪ್ರಯೋಗಾಲಯಕ್ಕೆ ಹೋಗಿ, ಅಲ್ಲಿಂದ ಪಠ್ಯಕ್ರಮಕ್ಕೆ ಬಂದು, ಮತ್ತೆ ಮೈದಾನಕ್ಕೆ ಇಳಿಯುವಾಗ ಎಲ್ಲೆಲ್ಲಿ ಸಿಕ್ಕಿಕೊಂಡಿತು ಎಂಬುದು.

ಮೊದಲು ಆ ಕಾಯಿಲೆಯ ಬಗ್ಗೆ ನಾಲ್ಕು ಮಾತು. ನಮ್ಮ ಕಡೆ ಇದನ್ನು 'ಝಳ ಬಡಿಯಿತು' ಎನ್ನುತ್ತಾರೆ, ಅದಕ್ಕೆ ಬಿಸಿಲು ಬೇಕು ಎಂದೇ ಎಲ್ಲರ ನಂಬಿಕೆ. ಓಟಗಾರನ ಉಷ್ಣಾಘಾತಕ್ಕೆ ಬಿಸಿಲು ಬೇಕೇ ಬೇಕೆಂದಿಲ್ಲ. ದುಡಿಯುವ ಸ್ನಾಯುಗಳೇ ಒಲೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರುವುದಿಲ್ಲ, ಒಲೆಯ ಕಾವು ಹೊರಗೆ ಹೋಗುವುದಿಲ್ಲ. ದೇಹದ ಒಳಗಿನ ಉಷ್ಣತೆ 40.5 ಡಿಗ್ರಿ ಸೆಲ್ಸಿಯಸ್ ದಾಟಿ, ಜೊತೆಗೆ ಮಿದುಳು ಹತೋಟಿ ತಪ್ಪಿದರೆ, ಅಂದರೆ ತೊದಲುವುದು, ಸಿಟ್ಟಿಗೇಳುವುದು, ಎಲ್ಲಿದ್ದೇನೆ ಎಂದು ತಿಳಿಯದಿರುವುದು ಕಂಡರೆ, ಅದು ಉಷ್ಣಾಘಾತ. ಅಲ್ಲಿಂದ ಸುಮಾರು ಅರ್ಧ ಗಂಟೆಯ ಒಳಗೆ ಮೈ ತಣಿಸಿದರೆ ಮನುಷ್ಯ ಎದ್ದು ಮನೆಗೆ ಹೋಗುತ್ತಾನೆ. ತಡವಾದಷ್ಟೂ ಮೂತ್ರಪಿಂಡ, ಯಕೃತ್ತು, ಮಿದುಳು ಒಂದೊಂದಾಗಿ ಬೇಯುತ್ತವೆ.

ಇಲ್ಲಿ ನನ್ನದೇ ಒಂದು ತಪ್ಪೊಪ್ಪಿಗೆ ಇದೆ. ಇಪ್ಪತ್ತು ವರ್ಷಗಳ ಹಿಂದೆ ಒಂದು ಗುಡ್ಡಗಾಡು ಓಟದ ಸ್ಪರ್ಧೆಗೆ ನಾನೇ ಉಸ್ತುವಾರಿ. ಬೆಳಗ್ಗೆ ಏಳಕ್ಕೆ ಶುರುವಾಗಬೇಕಿದ್ದ ಓಟ, ಮುಖ್ಯ ಅತಿಥಿಗಳು ಬರುವುದು ತಡವಾಗಿ ಒಂಬತ್ತೂವರೆಗೆ ಶುರುವಾಯಿತು. ಎರಡನೆಯ ಸ್ಥಾನದಲ್ಲಿದ್ದ ಹುಡುಗ ಕೊನೆಯ ತಿರುವಿನಲ್ಲಿ ದಾರಿ ಬಿಟ್ಟು ಜೋಳದ ಹೊಲದೊಳಗೆ ನುಗ್ಗಿ ಬಿದ್ದ. ನಾನು ಹೋಗಿ ಹಣೆ ಮುಟ್ಟಿದೆ. ಬೆವರಿನಿಂದ ತೊಯ್ದು ತಣ್ಣಗಿತ್ತು. 'ಉಷ್ಣಾಘಾತವಾದರೆ ಚರ್ಮ ಒಣಗಿ ಬಿಸಿಯಾಗಿರುತ್ತದೆ' ಎಂದು ನಾನು ಓದಿದ್ದೆ, ತರಗತಿಯಲ್ಲಿ ಬರೆಸಿಯೂ ಇದ್ದೆ. ಆದ್ದರಿಂದ "ಸುಸ್ತು, ಅಷ್ಟೆ" ಎಂದು ತೀರ್ಪು ಕೊಟ್ಟೆ. ನೆರಳಿಗೆ ಎಳೆದೆವು. ಯಾರೋ ಈರುಳ್ಳಿ ಒಡೆದು ಮೂಗಿಗೆ ಹಿಡಿದರು, ಯಾರೋ ಗ್ಲೂಕೋಸ್ ನೀರು ಕುಡಿಸಲು ಹೋದರು. ಅವನು ನನ್ನ ಕೈ ಕೊಡವಿ ಬೈಯತೊಡಗಿದ. ಸೋತ ಸಿಟ್ಟು ಎಂದುಕೊಂಡೆ. ಜೀಪು ಸಿಕ್ಕಿ ಆಸ್ಪತ್ರೆ ಮುಟ್ಟುವಾಗ ಮುಕ್ಕಾಲು ಗಂಟೆ ದಾಟಿತ್ತು. ಹುಡುಗ ಉಳಿದ. ತಿಂಗಳುಗಟ್ಟಲೆ ಮೂತ್ರಪಿಂಡದ ತೊಂದರೆ ಅನುಭವಿಸಿದ, ಮತ್ತೆ ಓಡಲಿಲ್ಲ. ಒಣ ಚರ್ಮದ ಲಕ್ಷಣ ಬೇಸಿಗೆಯಲ್ಲಿ ಮನೆಯಲ್ಲೇ ಕುಳಿತು ಬಳಲುವ ವೃದ್ಧರ ಉಷ್ಣಾಘಾತಕ್ಕೆ ಹೊಂದುತ್ತದೆ, ಓಡುತ್ತಿದ್ದವನು ಬೀಳುವಾಗಲೂ ಬೆವರುತ್ತಿರುತ್ತಾನೆ ಎಂಬುದು ನನಗೆ ತಿಳಿದದ್ದು ಅದೆಷ್ಟೋ ವರ್ಷಗಳ ನಂತರ. ಆಗ ನನ್ನ ಹೆಸರಿನ ಮುಂದೆ 'ಡಾ.' ಇತ್ತು.

ಹಣೆ ಮುಟ್ಟಿ ನೋಡುವ ನನ್ನ ಕೈಗೂ ಕಿವಿಯ ಥರ್ಮಾಮೀಟರಿಗೂ ಈ ಹೊತ್ತಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕಾಸಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬಿಸಿಲಿನಲ್ಲಿ ವ್ಯಾಯಾಮ ಮಾಡುವವರ ಬಾಯಿ, ಕಂಕುಳು, ಕಿವಿ, ಹಣೆ ಎಲ್ಲ ಕಡೆಯೂ ಅಳೆದು, ಗುದದ್ವಾರದ ಅಳತೆಯೊಂದಿಗೆ ಹೋಲಿಸಿ ನೋಡಿದರು. ಹೊರಮೈಯ ಯಾವ ಅಳತೆಯೂ ನಂಬಿಕೆಗೆ ಅರ್ಹವಾಗಿ ಕಾಣಲಿಲ್ಲ. ನುಂಗುವ ಗುಳಿಗೆಯಂಥ ಸಂವೇದಕ ಸರಿಯಾಗಿ ಹೇಳುತ್ತದೆ, ಆದರೆ ಅದನ್ನು ಓಟಕ್ಕೆ ಗಂಟೆಗಳ ಮುಂಚೆಯೇ ನುಂಗಿರಬೇಕು. ಬಿದ್ದ ಮೇಲೆ ಉಳಿಯುವುದು ಗುದದ್ವಾರದ ಮೂಲಕ ಒಳಗೆ ಸೇರಿಸುವ ಬಳುಕುವ ತಂತಿಯಂಥ ಥರ್ಮಾಮೀಟರ್ ಒಂದೇ.

ಇಲ್ಲಿ ನಮ್ಮ ತರಗತಿಗಳಲ್ಲಿ ಏನಾಗುತ್ತದೆಂದು ಗೊತ್ತಲ್ಲ. ಹಿಂದಿನ ಬೆಂಚಿನವರು ತಲೆ ಬಗ್ಗಿಸಿ ನಗುತ್ತಾರೆ, ಮುಂದಿನ ಬೆಂಚಿನ ಹುಡುಗಿಯರು ಪುಸ್ತಕ ನೋಡುತ್ತಾರೆ, ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ. ನಾನು ಹಾಗೆ ಎಷ್ಟು ವರ್ಷ ಪುಟ ಹಾರಿಸಿದ್ದೇನೋ. ಮುಜುಗರ ನಮ್ಮೊಬ್ಬರದೇ ಎಂದುಕೊಂಡಿದ್ದೆ. ಅಮೆರಿಕದಲ್ಲೂ ಅದೇ ಕಥೆ.

ಅಳೆಯುವುದು ಅರ್ಧ ಕೆಲಸ. ತಣಿಸುವುದು ಇನ್ನರ್ಧ. ಐಸ್ ನೀರಿನಲ್ಲಿ ಇಡೀ ಮೈ ಮುಳುಗಿಸಬೇಕು ಎಂಬುದಕ್ಕೆ ವೈದ್ಯಕೀಯದೊಳಗೇ ಬಹುಕಾಲ ವಿರೋಧವಿತ್ತು. ವಾದ ಕೇಳಲು ತಾರ್ಕಿಕವಾಗಿಯೇ ಇದೆ: ತಣ್ಣೀರು ತಗುಲಿದರೆ ಚರ್ಮದ ರಕ್ತನಾಳಗಳು ಮುದುಡುತ್ತವೆ, ಕಾವು ಒಳಗೇ ಸಿಕ್ಕಿಬೀಳುತ್ತದೆ, ನಡುಕ ಹುಟ್ಟಿ ಇನ್ನಷ್ಟು ಕಾವೇರುತ್ತದೆ. ಇದನ್ನು ಎಷ್ಟೋ ತರಗತಿಗಳಲ್ಲಿ ಸತ್ಯವೆಂದೇ ಕಲಿಸಲಾಗುತ್ತಿತ್ತು. ಪ್ರಯೋಗ ಬೇರೆಯೇ ಹೇಳಿತು. ಐಸ್ ನೀರಿನಲ್ಲಿ ಮುಳುಗಿಸಿದಾಗ ದೇಹದ ಉಷ್ಣತೆ ನಿಮಿಷಕ್ಕೆ ಸುಮಾರು 0.2 ಡಿಗ್ರಿ ಇಳಿಯುತ್ತದೆ. ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಐಸ್ ಚೀಲ ಇಟ್ಟರೆ ನಿಮಿಷಕ್ಕೆ 0.03 ಡಿಗ್ರಿಯ ಆಸುಪಾಸು. ಲೆಕ್ಕ ಹಾಕಿ ನೋಡಿ: 42 ಡಿಗ್ರಿಯಲ್ಲಿರುವವನನ್ನು 38.9ಕ್ಕೆ ಇಳಿಸಲು ಬಾನಿಯಲ್ಲಾದರೆ ಹದಿನೈದು ಹದಿನಾರು ನಿಮಿಷ, ಐಸ್ ಚೀಲದಲ್ಲಾದರೆ ಸುಮಾರು ಒಂದೂಮುಕ್ಕಾಲು ಗಂಟೆ. ಕೈಯಲ್ಲಿರುವುದು ಅರ್ಧ ಗಂಟೆ ಮಾತ್ರ. ಮೆಸಾಚುಸೆಟ್ಸ್‌ನ ಕೇಪ್ ಕಾಡ್‌ನಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ಏಳು ಮೈಲಿಯ ಫಾಲ್ಮತ್ ಓಟದಲ್ಲಿ 18 ವರ್ಷಗಳ ಅವಧಿಯಲ್ಲಿ 274 ಮಂದಿಗೆ ಉಷ್ಣಾಘಾತವಾಗಿತ್ತು. ಮುಕ್ತಾಯದ ಗೆರೆಯ ಪಕ್ಕದಲ್ಲೇ ಅವರನ್ನು ಐಸ್ ನೀರಿಗೆ ಇಳಿಸಲಾಯಿತು. 274 ಮಂದಿಯೂ ಬದುಕಿದರು.

ಬಾನಿ ಎಂದು ಸುಮ್ಮನೆ ಬರೆಯಲಿಲ್ಲ. ಅಲ್ಲಿನ ಮೈದಾನಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಬಳಸುವುದು ರೈತರು ದನಕ್ಕೆ ನೀರು ಕುಡಿಸುವ ಪ್ಲಾಸ್ಟಿಕ್ ತೊಟ್ಟಿಯನ್ನೇ. ಅರ್ಧಕ್ಕಿಂತ ಹೆಚ್ಚು ನೀರು, ಮೇಲೆ ತೇಲುವ ಐಸ್. ಬಿದ್ದವನನ್ನು ಎತ್ತಿ ಕುತ್ತಿಗೆಯವರೆಗೆ ಮುಳುಗಿಸಿ, ಎದೆಯ ಸುತ್ತ ಎರಡೂ ಕಂಕುಳ ಕೆಳಗೆ ಒಂದು ಉದ್ದ ಟವೆಲ್ ಹಾಯಿಸಿ, ಹಿಂದಿನಿಂದ ಒಬ್ಬರು ಅದನ್ನು ಹಿಡಿದು ನಿಲ್ಲಬೇಕು, ತಲೆ ನೀರಿಗೆ ಜಾರಬಾರದು. ಇನ್ನೊಬ್ಬರ ಕೆಲಸ ನೀರನ್ನು ಮಜ್ಜಿಗೆ ಕಡೆದ ಹಾಗೆ ಕಲಕುತ್ತಲೇ ಇರುವುದು. ನಿಂತ ನೀರಾದರೆ ಮೈಗೆ ತಾಗಿದ ಪದರ ಬೆಚ್ಚಗಾಗಿ ಕಂಬಳಿಯಂತೆ ಸುತ್ತಿಕೊಳ್ಳುತ್ತದೆ. ಮೂರನೆಯವರು ಥರ್ಮಾಮೀಟರ್ ನೋಡುತ್ತ ಗಟ್ಟಿಯಾಗಿ ಅಂಕಿ ಹೇಳುತ್ತಿರಬೇಕು. 38.9 ಎಂದ ಕೂಡಲೇ ಹೊರಗೆ. ಆಂಬುಲೆನ್ಸ್ ಬಂದು ಬಾಗಿಲು ತೆರೆದು ನಿಂತಿದ್ದರೂ ತಣಿಯುವ ತನಕ ಹತ್ತಿಸುವಂತಿಲ್ಲ: ಮೊದಲು ತಣಿಸು, ಆಮೇಲೆ ಸಾಗಿಸು. ತೊಟ್ಟಿ ಇಲ್ಲದಿದ್ದರೆ ನಾಲ್ಕು ಜನ ತಾಡಪಾಲಿನ ಅಂಚು ಎತ್ತಿ ಹಿಡಿದು, ಒಳಗೆ ನೀರು ಐಸ್ ಸುರಿದು, ಮಲಗಿಸಿ ತೂಗಿದರೂ ಆಗುತ್ತದೆ ಎಂದು ನಂತರದ ಪ್ರಯೋಗಗಳು ತೋರಿಸಿವೆ. ವೇಗ ತುಸು ಕಡಿಮೆ, ಆದರೂ ಐಸ್ ಚೀಲಕ್ಕಿಂತ ಎಷ್ಟೋ ಮೇಲು.

ಇಷ್ಟೆಲ್ಲ ತಿಳಿದ ಮೇಲೆ ಪಾಠ ತಾನಾಗಿ ಬದಲಾಗಬೇಕಿತ್ತಲ್ಲವೇ? ನನ್ನ ಶಿಷ್ಯೆಗೆ ಅಡಿಗೆರೆ ಎಳೆದು ಕಳುಹಿಸಿದ್ದು ಈ ಭಾಗವನ್ನು. ಅಮೆರಿಕದ ರಾಷ್ಟ್ರೀಯ ಅಥ್ಲೆಟಿಕ್ ಟ್ರೈನರ್‌ಗಳ ಸಂಘ ಉಷ್ಣಾಘಾತದ ಬಗ್ಗೆ ತನ್ನ ಅಧಿಕೃತ ನಿಲುವನ್ನು 2002ರಲ್ಲೇ ಪ್ರಕಟಿಸಿತ್ತು. ಗುದದ್ವಾರದ ಥರ್ಮಾಮೀಟರ್, ಐಸ್ ನೀರಿನ ತೊಟ್ಟಿ ಎರಡೂ ಅದರಲ್ಲಿದ್ದವು. ಎಂಟು ವರ್ಷಗಳ ನಂತರ, 2010ರಲ್ಲಿ, ಸ್ಟೆಫನಿ ಮಾಜರೋಲ್, ಕಾಸಾ ಮತ್ತಿತರರು ವೃತ್ತಿಯಲ್ಲಿದ್ದ ಟ್ರೈನರ್‌ಗಳನ್ನೇ ಕೇಳಿದರು: ನೀವು ನಿಜವಾಗಿ ಏನು ಮಾಡುತ್ತೀರಿ? ಶೇ. 77.1ರಷ್ಟು ಮಂದಿ ಆ ನಿಲುವಿನ ದಾಖಲೆಯನ್ನು ಓದಿದ್ದರು. ಗುದದ್ವಾರದ ಥರ್ಮಾಮೀಟರ್ ಬಳಸುತ್ತೇವೆ ಎಂದವರು ಶೇ. 18.6. ಐಸ್ ನೀರಿನಲ್ಲಿ ಮುಳುಗಿಸುತ್ತೇವೆ ಎಂದವರು ಶೇ. 49.7.

ಓದಿದವರು ನೂರಕ್ಕೆ ಎಪ್ಪತ್ತೇಳು, ಮಾಡುವವರು ಹತ್ತೊಂಬತ್ತಕ್ಕೂ ಕಡಿಮೆ. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಶಿಕ್ಷಣದ ಸಂಶೋಧನೆ ಎಂದು ಕರೆಯಬೇಕಾದದ್ದು ಇಲ್ಲಿಂದ ಶುರುವಾಗುತ್ತದೆ. ಅದುವರೆಗಿನದು ಶರೀರಶಾಸ್ತ್ರ. ತೊಟ್ಟಿ ಎಷ್ಟು ವೇಗವಾಗಿ ತಣಿಸುತ್ತದೆ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಉತ್ತರವಿದೆ. ತಿಳಿದವರು ಮಾಡುವುದಿಲ್ಲ ಏಕೆ ಎಂಬುದಕ್ಕೆ ಮೇಷ್ಟ್ರನ್ನೂ ವಿದ್ಯಾರ್ಥಿಯನ್ನೂ ಎದುರಿಗೆ ಕೂರಿಸಿಕೊಂಡು ಮಾತನಾಡಿಸಬೇಕು. ಮಾತನಾಡಿಸಿದಾಗ ಹೊರಬಂದ ಕಾರಣಗಳು ನಮಗೆ ಹೊಸವೇನಲ್ಲ: ಮುಜುಗರ, ಆಟಗಾರನ ಮಾನದ ಚಿಂತೆ, ಉಪಕರಣ ಇಲ್ಲದಿರುವುದು, ಕಲಿಯುವಾಗ ಒಮ್ಮೆಯೂ ಕೈಯಾರೆ ಮಾಡದಿರುವುದು. ಕೊನೆಯದೇ ಮುಖ್ಯ. ಬಾಯಿಪಾಠವಾದದ್ದು ಪರೀಕ್ಷೆಯಲ್ಲಿ ಬಂತು, ಕೈಗೆ ಬಾರದ್ದು ಮೈದಾನದಲ್ಲಿ ಬರಲಿಲ್ಲ.

2011ರಲ್ಲಿ ಆ ಸಂಘ ಪ್ರಕಟಿಸಿದ ಶೈಕ್ಷಣಿಕ ಸಾಮರ್ಥ್ಯಗಳ ಪಟ್ಟಿಯ ಐದನೆಯ ಆವೃತ್ತಿಯಲ್ಲಿ, ತುರ್ತು ಆರೈಕೆಯ ಭಾಗದ 29ನೆಯ ಅಂಶ ಒಂದೇ ಸಾಲಿನದು: ಗುದದ್ವಾರದ ಉಪಕರಣ ಬಳಸಿ ದೇಹದ ಒಳ ಉಷ್ಣತೆಯನ್ನು ಅಳೆಯುವುದು. 'ವಿವರಿಸುವುದು' ಎಂದಿಲ್ಲ, 'ಅಳೆಯುವುದು'. ಆ ಸಾಲು ಬರಲು ಮೇಲಿನ ಸಮೀಕ್ಷೆಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ, ಅಂಥ ಪಟ್ಟಿಗಳ ಹಿಂದೆ ಹಲವು ಕೈಗಳಿರುತ್ತವೆ. ಆದರೆ ಒಂದು ಕ್ರಿಯಾಪದ ಬದಲಾದರೆ ತರಗತಿಯಲ್ಲಿ ಎಷ್ಟು ಬದಲಾಗುತ್ತದೆ ಎಂದು ಪಾಠ ಮಾಡುವವರಿಗೆ ಗೊತ್ತು. ವಿವರಿಸಲು ಕರಿಹಲಗೆ ಸಾಕು. ಅಳೆಯಲು ಕಲಿಸಬೇಕಾದರೆ ಕಾಲೇಜು ಉಪಕರಣ ಕೊಳ್ಳಬೇಕು, ಮಾದರಿ ಬೊಂಬೆ ತರಿಸಬೇಕು, ಮೇಷ್ಟ್ರು ಮೊದಲು ತಾನು ಕಲಿಯಬೇಕು, ನಗು ಬಂದರೆ ನಗು ಮುಗಿಯುವ ತನಕ ಕಾದು ಪಾಠ ಮುಂದುವರಿಸಬೇಕು.

ಈ ನಡುವೆ ಇನ್ನೊಂದು ಹೆಸರು ಬರುತ್ತದೆ. 2001ರ ಜುಲೈ 31ರಂದು ಮಿನೆಸೋಟಾ ವೈಕಿಂಗ್ಸ್ ತಂಡದ 27 ವರ್ಷದ ಅಮೆರಿಕನ್ ಫುಟ್‌ಬಾಲ್ ಆಟಗಾರ ಕೋರಿ ಸ್ಟ್ರಿಂಗರ್ ತರಬೇತಿ ಶಿಬಿರದಲ್ಲಿ ಬಿದ್ದು, ಮರುದಿನ ಉಷ್ಣಾಘಾತದಿಂದ ತೀರಿಕೊಂಡರು. ಶಿಬಿರ ನಡೆದದ್ದು ಮ್ಯಾಂಕೇಟೊ ಎಂಬ ಊರಿನ ವಿಶ್ವವಿದ್ಯಾಲಯದ ಆವರಣದಲ್ಲಿ. ಅಥ್ಲೆಟಿಕ್ ಟ್ರೈನಿಂಗ್ ಶಿಕ್ಷಣದ ಇತಿಹಾಸ ಓದುವಾಗ ಆ ಊರಿನ ಹೆಸರು ಕಂಡು ನಾನು ಒಂದು ಕ್ಷಣ ನಿಂತೆ. 1969ರಲ್ಲಿ ಸಂಘ ಮೊದಲ ಬಾರಿಗೆ ಮಾನ್ಯತೆ ಕೊಟ್ಟ ನಾಲ್ಕು ಪದವಿ ಕೋರ್ಸುಗಳಲ್ಲಿ ಒಂದು ಮ್ಯಾಂಕೇಟೊದ್ದು. ಉಳಿದವು ಇಂಡಿಯಾನಾ ಸ್ಟೇಟ್, ಲಮಾರ್ ಮತ್ತು ನ್ಯೂ ಮೆಕ್ಸಿಕೊ. ಇದರಿಂದ ಆ ವಿಶ್ವವಿದ್ಯಾಲಯದ ಮೇಲೆ ಯಾವ ದೋಷವೂ ಬರುವುದಿಲ್ಲ, ವೃತ್ತಿಪರ ತಂಡ ಆವರಣವನ್ನು ಬಳಸಿಕೊಂಡಿತ್ತು ಅಷ್ಟೆ. ಸ್ಟ್ರಿಂಗರ್ ಅವರ ಹೆಂಡತಿ ಕೆಲ್ಸಿ ಮುಂದೆ ಕಾಸಾ ಅವರ ಜೊತೆ ಸೇರಿದರು, 2010ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ, ಆಟಗಾರರ ಇಂಥ ಹಠಾತ್ ಸಾವುಗಳನ್ನು ತಡೆಯಲೆಂದು, ಕೋರಿ ಸ್ಟ್ರಿಂಗರ್ ಸಂಸ್ಥೆ ಶುರುವಾಯಿತು.

ಇನ್ನು ಪದವಿಯ ಮಟ್ಟದ ವಿಚಾರ. 1950ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಸಂಘ ಹುಟ್ಟಿದಾಗ ಟ್ರೈನರ್ ಆಗುವುದಕ್ಕೆ ಹಿರಿಯ ಟ್ರೈನರ್‌ನ ಹಿಂದೆ ಬಕೆಟ್ ಹೊತ್ತು ತಿರುಗುವುದೇ ದಾರಿ. 1959ರ ಮೊದಲ ಪಠ್ಯಕ್ರಮ ಬಹುಪಾಲು ದೈಹಿಕ ಶಿಕ್ಷಣದಿಂದ ಎರವಲು ತಂದದ್ದು, ಕಲಿತವರು ಶಾಲೆಯಲ್ಲಿ ಪಾಠವನ್ನೂ ಮಾಡಲಿ ಎಂಬ ಲೆಕ್ಕಾಚಾರ ಅದರಲ್ಲಿತ್ತು. 1990ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಇದನ್ನು ಪೂರಕ ಆರೋಗ್ಯ ವೃತ್ತಿಯೆಂದು ಒಪ್ಪಿತು. ತರಬೇತಿ ಗಂಟೆಗಳನ್ನು ತೋರಿಸಿ ನೇರ ಪರೀಕ್ಷೆಗೆ ಕೂರುವ ದಾರಿ 2004ರಲ್ಲಿ ಮುಚ್ಚಿತು. 2015ರಲ್ಲಿ ವೃತ್ತಿಯ ಪ್ರವೇಶಕ್ಕೆ ಸ್ನಾತಕೋತ್ತರ ಪದವಿಯೇ ಬೇಕು ಎಂದು ತೀರ್ಮಾನಿಸಲಾಯಿತು. 2022ರ ನಂತರ ಪದವಿ ಮಟ್ಟದ ಕೋರ್ಸುಗಳು ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಇದರ ಬಗ್ಗೆ ಅಲ್ಲಿ ದೊಡ್ಡ ಜಟಾಪಟಿಯೇ ನಡೆಯಿತು. ಸಂಬಳ ಏರದೆ ಓದಿನ ವರ್ಷ ಏರಿದರೆ ಸಾಲ ತೀರಿಸುವವರು ಯಾರು ಎಂಬುದು ಒಂದು ಪಕ್ಷ, ಮಿಕ್ಕ ಆರೋಗ್ಯ ವೃತ್ತಿಗಳ ಸಮಕ್ಕೆ ನಿಲ್ಲದಿದ್ದರೆ ಯಾರೂ ಮಾತು ಕೇಳುವುದಿಲ್ಲ ಎಂಬುದು ಇನ್ನೊಂದು. ನನಗೆ ಎರಡೂ ಸರಿ ಎನಿಸುತ್ತದೆ. ಆದರೆ ಎರಡು ಪಕ್ಷದವರೂ ಮಾತನಾಡುತ್ತಿದ್ದದ್ದು ಹೆಚ್ಚಾಗಿ ವೃತ್ತಿಯ ಘನತೆಯ ಬಗ್ಗೆ.

ಪದವಿಯ ಮಟ್ಟ ಏರಿದ ಮಾತ್ರಕ್ಕೆ ಕೈ ಕಲಿತುಬಿಡುವುದಿಲ್ಲ. ಏಕೆಂದರೆ ಮುಂದೆ ನಡೆದದ್ದು ಹೀಗೆ. 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಅಭ್ಯಾಸದಲ್ಲಿ 110 ಗಜದ ಓಟಗಳನ್ನು ಮತ್ತೆ ಮತ್ತೆ ಓಡುತ್ತಿದ್ದಾಗ 19 ವರ್ಷದ ಜೋರ್ಡನ್ ಮೆಕ್‌ನೇರ್ ಕುಸಿದ. ಜೂನ್ 13ರಂದು ತೀರಿಕೊಂಡ. ವಿಶ್ವವಿದ್ಯಾಲಯವೇ ನೇಮಿಸಿದ ಸ್ವತಂತ್ರ ತಜ್ಞರ ವರದಿ ಓದಿದರೆ ಹೊಟ್ಟೆ ತೊಳಸುತ್ತದೆ. ಗುದದ್ವಾರದ ಉಷ್ಣತೆ ಅಳೆಯಲಿಲ್ಲ. ಐಸ್ ನೀರಿನಲ್ಲಿ ಮುಳುಗಿಸಲಿಲ್ಲ, ಅಷ್ಟು ದೊಡ್ಡ ಮೈಯ ಹುಡುಗ ತೊಟ್ಟಿಯಲ್ಲಿ ಮುಳುಗಿಬಿಟ್ಟಾನೆಂಬ ಭಯವೂ ಅದಕ್ಕೆ ಒಂದು ಕಾರಣ. ಲಕ್ಷಣ ಕಂಡ ಹೊತ್ತಿನಿಂದ ಆಂಬುಲೆನ್ಸ್ ಹೊರಡುವವರೆಗೆ ಒಂದು ಗಂಟೆ 39 ನಿಮಿಷ. ಅಧಿಕೃತ ನಿಲುವು ಪ್ರಕಟವಾಗಿ ಹದಿನಾರು ವರ್ಷ, 29ನೆಯ ಅಂಶ ಬಂದು ಏಳು ವರ್ಷ ಆಗಿತ್ತು. ಮೈದಾನದಲ್ಲಿ ಓದಿದವರು, ಅರ್ಹತೆಯುಳ್ಳವರು ಇದ್ದರು. ಆ ವರ್ಷದ ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯದ ಅಧ್ಯಕ್ಷರು ಕಾನೂನಿನ ಮತ್ತು ನೈತಿಕ ಹೊಣೆಯನ್ನು ಬಹಿರಂಗವಾಗಿ ಒಪ್ಪಿಕೊಂಡರು. 2021ರಲ್ಲಿ ಮೇರಿಲ್ಯಾಂಡ್ ರಾಜ್ಯ ಆ ಹುಡುಗನ ಹೆಸರಿನಲ್ಲಿ ಕಾಯ್ದೆ ಮಾಡಿತು.

ತೊಟ್ಟಿಯಲ್ಲಿ ಮುಳುಗುವ ಭಯದ ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಕಂಕುಳ ಕೆಳಗೆ ಹಾಯಿಸುವ ಒಂದು ಟವೆಲ್‌ನಿಂದ ಪರಿಹಾರವಾಗುವ ಭಯ ಅದು. ಯಾವತ್ತಾದರೂ ಒಮ್ಮೆ ಭಾರದ ಹುಡುಗನೊಬ್ಬನನ್ನು ತೊಟ್ಟಿಗೆ ಇಳಿಸಿ ನೋಡಿದವರಿಗೆ ಹುಟ್ಟದ ಭಯ.

ಶಿಷ್ಯೆಯ ಪಿಎಚ್.ಡಿ. ವಿಚಾರಕ್ಕೆ ಮರಳುತ್ತೇನೆ. ಅಮೆರಿಕದಲ್ಲಿ ಟ್ರೈನರ್ ಆದವರು ಮುಂದೆ ಓದಬೇಕೆಂದರೆ ಸ್ಥೂಲವಾಗಿ ಮೂರು ದಾರಿ. ಪಿಎಚ್.ಡಿ. ಮಾಡಿ ಸಂಶೋಧನೆಗೆ ಇಳಿಯುವುದು, ಶಿಕ್ಷಣಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡುವುದು, ಇಲ್ಲವೇ ಐಡಾಹೊ, ಇಂಡಿಯಾನಾ ಸ್ಟೇಟ್ ಮುಂತಾದ ವಿಶ್ವವಿದ್ಯಾಲಯಗಳಲ್ಲಿ ಇರುವ, ಚಿಕಿತ್ಸೆಯ ಕೌಶಲಕ್ಕೇ ಒತ್ತು ಕೊಡುವ 'ಡಾಕ್ಟರ್ ಆಫ್ ಅಥ್ಲೆಟಿಕ್ ಟ್ರೈನಿಂಗ್'. ನಮ್ಮವರಿಗೆ ದೈಹಿಕ ಶಿಕ್ಷಣದ ಪಿಎಚ್.ಡಿ., ಫಿಸಿಯೋಥೆರಪಿ ಓದಿದವರಿಗೆ ಕ್ರೀಡಾ ವಿಭಾಗದ ಸ್ನಾತಕೋತ್ತರ ಪದವಿ ಎಂ.ಪಿ.ಟಿ., ಕೋಚ್ ಆಗುವವರಿಗೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ. ದಾರಿ ಯಾವುದೆಂದು ಅವಳು ಕೇಳಿದಾಗ, "ನಿನ್ನ ಮೈದಾನದಲ್ಲಿ ನಿನಗೆ ನಿದ್ದೆಗೆಡಿಸುವುದು ಏನಿದೆ, ಅದನ್ನು ಮೊದಲು ಹೇಳು" ಎಂದೆ.

ಅವಳು ಹೇಳಿದ್ದು ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರ ಬಗ್ಗೆ. ಕಾಲೇಜಿನ ಮೈದಾನದಲ್ಲಿ ಅವರೇ ಹೆಚ್ಚು. ಏಪ್ರಿಲ್‌ನಲ್ಲೂ ಓಡುತ್ತಾರೆ, ಬೆವರಿದಷ್ಟೂ ತೂಕ ಇಳಿಯುತ್ತದೆಂದು ಜರ್ಕಿನ್ ಹಾಕಿಕೊಂಡು ಓಡುತ್ತಾರೆ. 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ 10 ಕಿಲೋಮೀಟರ್ ಓಟದಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಸತ್ತ ಸುದ್ದಿ ಅವಳಿಗೆ ನೆನಪಿತ್ತು. ಕಾರಣವೇನೆಂಬ ವಾದ ವಿವಾದ ಅಲ್ಲಿ ಬೇರೆಯೇ ನಡೆಯಿತು. ಅವಳ ಪ್ರಶ್ನೆ ಅದಕ್ಕಿಂತ ಚಿಕ್ಕದು: "ಸರ್, ನಮ್ಮ ಜಿಲ್ಲೆಯಲ್ಲಿ ಓಟ ನಡೆಸುವ ನಾವೆಲ್ಲ, ಒಬ್ಬ ಬಿದ್ದರೆ ಮೊದಲ ಹತ್ತು ನಿಮಿಷ ಏನು ಮಾಡುತ್ತೇವೆ?"

ಕಬಡ್ಡಿ, ಖೋ-ಖೋ ಹೋಯಿತು. ಹೊಸ ಸಿನಾಪ್ಸಿಸ್‌ನಲ್ಲಿ ಜಿಲ್ಲೆಯ ದೈಹಿಕ ಶಿಕ್ಷಕರನ್ನು ಸಂದರ್ಶಿಸುವುದು, ಅವರಲ್ಲಿ ಅರ್ಧ ಮಂದಿಗೆ ಬಾನಿ, ತಾಡಪಾಲು ಇಟ್ಟುಕೊಂಡು ಕೈಯಾರೆ ಮಾಡಿಸುವ ತರಬೇತಿ, ಉಳಿದ ಅರ್ಧಕ್ಕೆ ಎಂದಿನ ಉಪನ್ಯಾಸ, ಆರು ತಿಂಗಳ ನಂತರ ಯಾರ ಕೈಯಲ್ಲಿ ಏನು ಉಳಿದಿದೆ ಎಂಬ ಪರೀಕ್ಷೆ. ಥರ್ಮಾಮೀಟರಿನ ವಿಷಯಕ್ಕೆ ಮಾರ್ಗದರ್ಶಕರು ಮೂಗು ಮುರಿದರಂತೆ. ಶಿಕ್ಷಕರ ಕೈಗೆ ಅದನ್ನು ಕೊಡುವುದು ನಮ್ಮ ಕಾನೂನಿನಲ್ಲಿ ಎಷ್ಟು ಸರಿ ಎಂಬ ಪ್ರಶ್ನೆ ನಿಜವಾದದ್ದೇ, ಅದನ್ನು ತಾಲ್ಲೂಕು ಆಸ್ಪತ್ರೆಯ ವೈದ್ಯರೊಬ್ಬರನ್ನು ಜೊತೆಗಿಟ್ಟುಕೊಂಡು ಮಾಡುವುದೆಂದು ಸದ್ಯಕ್ಕೆ ತೀರ್ಮಾನವಾಗಿದೆ.

ನವೆಂಬರ್‌ನಲ್ಲಿ ಅವಳ ಕಾಲೇಜಿನ ಗುಡ್ಡಗಾಡು ಓಟವಿತ್ತು. ಹಿಂದಿನ ದಿನ ಐಸ್ ಫ್ಯಾಕ್ಟರಿಗೆ ಹೋಗಿ ಎಂಟು ಗಡ್ಡೆ ಬೇಕೆಂದಾಗ, "ಯಾರ ಮದುವೆ ಮೇಡಂ?" ಎಂದು ಮಾಲೀಕ ಕೇಳಿದನಂತೆ. ಓಟಕ್ಕೆ ಎಂದರೆ ನಂಬಲಿಲ್ಲ. ಬಾನಿಯನ್ನು ಜವಾನರ ಮನೆಯ ಕೊಟ್ಟಿಗೆಯಿಂದ ತರಿಸಿ ತಿಕ್ಕಿ ತೊಳೆಸಿದ್ದಳು. ಆ ದಿನ ಯಾರೂ ಬೀಳಲಿಲ್ಲ. ಬಹುಮಾನ ವಿತರಣೆ ಮುಗಿದ ಮೇಲೆ ಕರಗುತ್ತಿದ್ದ ಐಸ್ ಹಾಳಾಗಬಾರದೆಂದು, ಎಂಬತ್ತು ಕಿಲೋ ತೂಗುವ ಗುಂಡು ಎಸೆತದ ಹುಡುಗನೊಬ್ಬನನ್ನು ಒಪ್ಪಿಸಿ, ಪ್ರಜ್ಞೆ ತಪ್ಪಿದವನಂತೆ ಮೈ ಬಿಟ್ಟು ಮಲಗಲು ಹೇಳಿ, ಎತ್ತಿಸಿ ಬಾನಿಗೆ ಇಳಿಸಿದಳು. ಎರಡು ನಿಮಿಷ ಕಿರುಚಿ ಎದ್ದು ಓಡಿದನಂತೆ. ಅಷ್ಟರಲ್ಲಿ ಅವಳು ಎಣಿಸಿಯಾಗಿತ್ತು: ಎತ್ತಲು ನಾಲ್ಕು ಜನ, ಟವೆಲ್ ಹಿಡಿಯಲು ಒಬ್ಬರು, ನೀರು ಕಲಕಲು ಒಬ್ಬರು. ಸಿನಾಪ್ಸಿಸ್‌ನಲ್ಲಿ 'ಇಬ್ಬರು ಸಹಾಯಕರು' ಎಂದು ಬರೆದಿದ್ದಳು. ತಿದ್ದಿ ಮತ್ತೆ ಕಳುಹಿಸಿದ್ದಾಳೆ.